ನೆಗಡಿ ವಾಸಿಯಾಗಿ ತಿಂಗಳಾದರೂ ದನಿ ಒಡೆದೇ ಇದೆ, ಕಷಾಯ ಸಾಕೇ?

ಸಾಲದು. ಮಲೆನಾಡಿನ ಮಳೆಗಾಲದಲ್ಲಿ ನೆಗಡಿಯ ಜೊತೆ ಗಂಟಲು ಕಟ್ಟುವುದು ಮಾಮೂಲಿ. ಧ್ವನಿತಂತುಗಳ ಊತ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲು ವೈದ್ಯರು ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಬೇಕು. ಬಾಯಿಗೆ ಟಾರ್ಚ್ ಬಿಟ್ಟರೆ ಅದು ಕಾಣದು. ಮೂಗಿನ ಮೂಲಕ ತುದಿಯಿಂದ ಒಳಗನ್ನು ತೋರಿಸುವ ತೆಳ್ಳಗಿನ ನಳಿಕೆ, ಅಂದರೆ ಎಂಡೋಸ್ಕೋಪ್ ಇಳಿಸುತ್ತಾರೆ, ಕೆಲವೇ ನಿಮಿಷದ ಕೆಲಸ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ.

ಮೇಷ್ಟ್ರು, ಯಕ್ಷಗಾನದ ಭಾಗವತರಂತೆ ಗಂಟಲಿನಿಂದಲೇ ದುಡಿಯುವವರಿಗೆ ತಂತುವಿನ ಮೇಲೆ ಗಂಟಾಗಬಹುದು. ಉಂಡ ಕೂಡಲೇ ಮಲಗುವವರಿಗೆ ಹೊಟ್ಟೆಯ ಹುಳಿ ಗಂಟಲಿಗೇರಿ ದನಿ ಕೆಡಿಸಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಕವಳದ ಅಭ್ಯಾಸವಿದ್ದರೆ ಕ್ಯಾನ್ಸರ್ ಅಲ್ಲವೆಂದು ಮೊದಲು ಖಾತ್ರಿಯಾಗಬೇಕು. ಎಡ ತಂತುವಿನ ನರ ಎದೆಗೂಡಿಗಿಳಿದು ಮರಳಿ ಮೇಲೆ ಬರುತ್ತದೆ, ಹಾಗಾಗಿ ಶ್ವಾಸಕೋಶದ ಗಡ್ಡೆಯೂ ದನಿ ಕೆಡಿಸಬಲ್ಲದು.

ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು ಇದ್ದರೆ ಮೂರು ವಾರ ಕಾಯಬೇಡಿ. ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಆಗಲೇ ತುರ್ತು ವಿಭಾಗಕ್ಕೆ ಹೋಗಿ.

ವೈದ್ಯರನ್ನು ಕಾಣುವವರೆಗೆ ನೀರು ಹೆಚ್ಚು, ಮಾತು ಕಡಿಮೆ. ಪಿಸುಗುಟ್ಟುವುದೂ ಬೇಡ, ಅದೂ ತಂತುಗಳಿಗೆ ಶ್ರಮವೇ. ಕಾಳುಮೆಣಸಿನ ಕಷಾಯ ಹಿತವೇನೋ ಹೌದು, ಆದರೆ ಅದು ಇಳಿಯುವುದು ಅನ್ನನಾಳಕ್ಕೆ. ತಂತುಗಳನ್ನು ಮುಟ್ಟುವುದೇ ಇಲ್ಲ.