ಚಿಪ್ಪಿನ ವಯಸ್ಸನ್ನು ಕೆರೆಗೆ ಅಂಟಿಸಬೇಡಿ

ಪ್ರಶ್ನೆ: ಮೇಡಂ, ಜಗಳೂರು ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ಹೂಳು ತೆಗೆಸುವಾಗ ತಳದಲ್ಲಿ ಬಸವನಹುಳುವಿನ ಚಿಪ್ಪು ಸಿಕ್ಕವು. ಕಾರ್ಬನ್ ಟೆಸ್ಟ್ ಮಾಡಿಸಿದರೆ ಸುಮಾರು 2,500 ವರ್ಷ ಅಂತ ಬಂತು. ಏರಿ ಮೇಲಿನ ಶಾಸನದ ಪ್ರಕಾರ ಕೆರೆ ಕಟ್ಟಿ 700 ವರ್ಷ. ಶಾಸನ ಸುಳ್ಳಾ? ಇದೇ ಚಿಪ್ಪಿನ ಆಕ್ಸಿಜನ್ ನೋಡಿ ಬರಗಾಲ ಯಾವಾಗ ಬಂದಿತ್ತು ಅಂತ ಹೇಳಬಹುದಾ?

ಉತ್ತರ: ಶಾಸನವನ್ನು ಅನುಮಾನಿಸಬೇಡಿ. ಲ್ಯಾಬಿನವರೂ ತಪ್ಪು ಮಾಡಿಲ್ಲ. ಪರೀಕ್ಷೆಗೆ ಕೊಟ್ಟ ವಸ್ತುವೇ ಸರಿಯಿಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ನಾನು ಉತ್ತರ ಬರೆಯುವಷ್ಟರಲ್ಲಿ ಊರಿನವರು ‘2,500 ವರ್ಷದ ಕೆರೆ’ ಅಂತ ಬೋರ್ಡು ಹಾಕಿಸಿರುತ್ತಾರೆ. ಬೇಸರ ಅದಕ್ಕೇ.

ಗಿಡಮರಗಳು ಇಂಗಾಲವನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ. ಕೆರೆಯ ಬಸವನಹುಳು ಚಿಪ್ಪು ಕಟ್ಟುವುದು ಹೆಚ್ಚಾಗಿ ನೀರಿನಲ್ಲಿ ಕರಗಿದ ಇಂಗಾಲದಿಂದ. ನಿಮ್ಮ ಕಡೆ ಎರೆಮಣ್ಣು ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ, ಅಲ್ವಾ? ಮಳೆನೀರು ಅದನ್ನು ಕರಗಿಸಿಕೊಂಡು ಕೆರೆ ಸೇರುತ್ತದೆ. ಆ ಸುಣ್ಣದಲ್ಲಿರುವುದು ಹಳೆಯ ಇಂಗಾಲ. ಪರೀಕ್ಷೆ ಅಳೆಯುವುದು ಕಾರ್ಬನ್-14 ಎಂಬ ಬಗೆಯ ಇಂಗಾಲವನ್ನು; ಅದು ಕಡಿಮೆ ಇದ್ದಷ್ಟೂ ವಯಸ್ಸು ಜಾಸ್ತಿ ಅಂತ ಲೆಕ್ಕ. ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಹಳೆಯ ಸುಣ್ಣದಲ್ಲಿ ಅದು ಕಡಿಮೆ. ಕೆಲವು ಕಡೆ ಏನೂ ಉಳಿದಿರುವುದಿಲ್ಲ. ಚಿಪ್ಪಿನ ಇಂಗಾಲದಲ್ಲಿ ನೂರಕ್ಕೆ ಹತ್ತು ಪಾಲು ಇಂಥ ಸತ್ತ ಇಂಗಾಲ ಸೇರಿದರೆ ವಯಸ್ಸು ಸುಮಾರು 850 ವರ್ಷ ಜಾಸ್ತಿ ತೋರಿಸುತ್ತದೆ. ಇಪ್ಪತ್ತು ಪಾಲು ಸೇರಿದರೆ ಸುಮಾರು 1,800 ವರ್ಷ. ನಿಮ್ಮ ವರದಿಗೂ ಶಾಸನಕ್ಕೂ ಇರುವ ಅಂತರ ಅಷ್ಟೇ ನೋಡಿ. ಹಾಗಂತ ಎಲ್ಲ ಚಿಪ್ಪಿನಿಂದಲೂ 1,800 ಕಳೆದುಬಿಡಬೇಡಿ. ಆ ಪಾಲು ಕೆರೆಯಿಂದ ಕೆರೆಗೆ, ಕಾಲದಿಂದ ಕಾಲಕ್ಕೆ ಬೇರೆ.

ಅದೇ ಪದರದ ಮಣ್ಣನ್ನು ನೀರಲ್ಲಿ ಕದಡಿ, ಸಣ್ಣ ಜರಡಿಯಲ್ಲಿ ಸೋಸಿ, ಕರಕಲಾದ ಕಾಳು ಹುಡುಕಿ. ನಾಲ್ಕಾರು ರಾಗಿ ಕಾಳು ಸಿಕ್ಕರೂ ಸಾಕು. ಕಾರ್ಬನ್-14 ಪರಮಾಣುಗಳನ್ನೇ ಎಣಿಸುವ ಎಎಂಎಸ್ ಯಂತ್ರಕ್ಕೆ ಒಂದು ಮಿಲಿಗ್ರಾಂ ಇಂಗಾಲ ಇದ್ದರೆ ಆಯಿತು. ರಾಗಿ ಒಂದೇ ಬೆಳೆಯಲ್ಲಿ ಹುಟ್ಟಿ ಮುಗಿಯುತ್ತದೆ, ಅದಕ್ಕೇ ಅದು ಒಳ್ಳೆಯದು. ಇದ್ದಿಲನ್ನು ನಾನು ಎರಡನೆಯದಾಗಿ ನೋಡುತ್ತೇನೆ. ದೊಡ್ಡ ಹುಣಸೆಮರದ ತಿರುಳು ಸೌದೆಯಾಗುವ ಹೊತ್ತಿಗೇ ನೂರಿನ್ನೂರು ವರ್ಷ ಹಳೆಯದಾಗಿರಬಹುದು. ಒಂದೇ ಪದರ ನಂಬಬೇಡಿ. ಮೇಲಿಂದ ಕೆಳಕ್ಕೆ ಮೂರ್ನಾಲ್ಕು ಕಡೆ ಪರೀಕ್ಷೆ ಮಾಡಿಸಿ, ವಯಸ್ಸು ಕೆಳಗೆ ಹೋದಂತೆ ಏರುತ್ತದಾ ನೋಡಿ.

ಆಕ್ಸಿಜನ್ ‘ಯಾವಾಗ’ ಅಂತ ಹೇಳುವುದೇ ಇಲ್ಲ. ಆಕ್ಸಿಜನ್‌ನ ಭಾರವಾದ ಬಗೆ ಆಕ್ಸಿಜನ್-18 ಕ್ಷಯಿಸುವುದಿಲ್ಲ, ಅದರಲ್ಲಿ ಗಡಿಯಾರ ಇಲ್ಲ. ಕೆರೆ ಬತ್ತುವಾಗ ಆಕ್ಸಿಜನ್-16 ಇರುವ ಹಗುರ ನೀರು ಬೇಗ ಆವಿಯಾಗುತ್ತದೆ. ಉಳಿದ ನೀರಲ್ಲಿ 18ರ ಪಾಲು ಏರುತ್ತದೆ, ಆಗ ಬೆಳೆದ ಚಿಪ್ಪಿನಲ್ಲೂ ಏರುತ್ತದೆ. ಚಿಪ್ಪಿನ ತುದಿಯಿಂದ ಬಾಯಿಯವರೆಗೆ ಸುರುಳಿಯುದ್ದಕ್ಕೂ ಚೂರು ಚೂರೇ ಪುಡಿ ಕೆರೆದು ಅಳೆದರೆ, ಆ ಹುಳು ಕಂಡ ಬೇಸಿಗೆ ಮಳೆಗಾಲ ತಿಳಿಯುತ್ತದೆ. ಅಷ್ಟೇ. ಶತಮಾನದ ಬರ ಒಂದು ಹುಳುವಿನ ಆಯುಸ್ಸಿನಲ್ಲಿ ಸಿಗುವುದಿಲ್ಲ. ಮೇಘಾಲಯದ ಮಾವ್ಮ್ಲು ಗುಹೆಯಲ್ಲಿ ನೆಲದಿಂದ ಮೇಲೆದ್ದ ಸುಣ್ಣದ ಕಂಬವೊಂದರ ಆಕ್ಸಿಜನ್ ಸುಮಾರು 4,200 ವರ್ಷದ ಹಿಂದೆ ಮುಂಗಾರು ಸೊರಗಿದ್ದನ್ನು ತೋರಿಸಿತು. 2018ರಲ್ಲಿ ಭೂಯುಗವೊಂದಕ್ಕೆ ‘ಮೇಘಾಲಯನ್’ ಅಂತ ಹೆಸರು ಬಂದದ್ದು ಅದರಿಂದಲೇ. ಅಲ್ಲೂ ಕಾಲ ಹೇಳಿದ್ದು ಯುರೇನಿಯಂ ಕ್ಷಯಿಸಿ ಥೋರಿಯಂ ಆಗುವ ಲೆಕ್ಕ, ಆಕ್ಸಿಜನ್ ಅಲ್ಲ.

ಹೂಳು ತೆಗೆಸಬೇಡಿ ಅಂತ ನಾನು ಹೇಳುವುದಿಲ್ಲ. ಹೊಲಕ್ಕೆ ಅದು ಬೇಕು. ಆದರೆ ಜೆಸಿಬಿ ಒಮ್ಮೆ ಬಾಚಿದರೆ ಪದರಗಳೆಲ್ಲ ಕಲಸಿಹೋಗುತ್ತವೆ, ಆಮೇಲೆ ಯಾರಿಂದಲೂ ಓದಲಾಗದು. ಕೆರೆಯ ಆಳದ ಕಡೆ ಒಂದು ಮಾರು ಅಗಲದ ಹೂಳನ್ನು ಮುಟ್ಟದೆ ಬಿಡಿಸಿ. ದಯವಿಟ್ಟು ಇದೊಂದು ಮಾಡಿ.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಮಾರಡಿಹಳ್ಳಿಯ ದಿಂಬಿನಂಥ ಕಲ್ಲಿಗೆ ಕಾರ್ಬನ್ ಟೆಸ್ಟ್ ಮಾಡಿಸಬಹುದೇ?

ಉತ್ತರ: ಇಲ್ಲ. ಅದು ಸುಮಾರು 250 ಕೋಟಿ ವರ್ಷದ ಲಾವಾ. ಕಾರ್ಬನ್-14ರ ಮಿತಿ 50 ಸಾವಿರ ವರ್ಷ.

ಪ್ರಶ್ನೆ: ಮನೆಗೇ ಬಂದು ಪಂಚಲೋಹದ ವಿಗ್ರಹಕ್ಕೆ ಕಾರ್ಬನ್ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಡ್ತೀವಿ ಅಂತಾರೆ. ದುಡ್ಡು ಕೊಡಬಹುದಾ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಲೋಹ ಎರಕವಾದ ಕಾಲ ಈ ಪರೀಕ್ಷೆಗೆ ಸಿಗುವುದಿಲ್ಲ. ಚೀಲದಲ್ಲಿ ಹೊತ್ತು ತರುವ ಯಂತ್ರದಲ್ಲಿ ಕಾರ್ಬನ್ ಡೇಟಿಂಗ್ ಆಗುವುದೂ ಇಲ್ಲ. ರೈಸ್ ಪುಲ್ಲಿಂಗ್ ಚೊಂಬು ಮಾರುವವರಂತೆ ಇವರೂ ಕಳ್ಳರು. ಪೊಲೀಸರಿಗೆ ಹೇಳಿ.

ಪ್ರಶ್ನೆ: ಹೂಳಿನ ಮಾದರಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕಳಿಸಲೇ?

ಉತ್ತರ: ಬೇಡ. ಕಾಗದ, ಹತ್ತಿ, ಅಂಟು ಎಲ್ಲದರಲ್ಲೂ ಇಂದಿನ ಇಂಗಾಲ ಇರುತ್ತದೆ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಬೂಷ್ಟು ಹಿಡಿಯದಂತೆ ತಣ್ಣಗಿಡಿ. ಎಷ್ಟು ಅಡಿ ಆಳದ್ದು ಅಂತ ಹೊರಗಡೆ ಬರೆಯಿರಿ. ಆಳ ಬರೆಯದ ಮಾದರಿಯನ್ನು ನಾನು ತೆಗೆದುಕೊಳ್ಳುವುದಿಲ್ಲ.