ಗೋಡೆಯೊಂದೇ ಕಾಯುವುದಿಲ್ಲ

ಕತ್ರೀನಾ ಚಂಡಮಾರುತದ ಕುರಿತ ನಮ್ಮ ಲೇಖನ ಓದಿ ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಅಷ್ಟು ಸಿರಿವಂತ ದೇಶದ ನಗರವೇ ಮುಳುಗಿತೆಂದರೆ ನಮ್ಮ ಗತಿಯೇನು? ಮಾಜಾಳಿಯಿಂದ ಭಟ್ಕಳದವರೆಗೆ ಎತ್ತರದ ತಡೆಗೋಡೆ ಕಟ್ಟಬೇಕೆಂದು ಪತ್ರಿಕೆ ಏಕೆ ಒತ್ತಾಯಿಸಬಾರದು?’

ಸಂಪಾದಕರ ಉತ್ತರ:

ನಿಮ್ಮ ಆತಂಕ ನ್ಯಾಯವಾದದ್ದೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ದೂರದ ಗುಜರಾತಿನಲ್ಲಿ. ಬರೀ ಬದಿಯಲ್ಲಿ ಹಾದುಹೋದದ್ದಕ್ಕೇ ನಮ್ಮ ಕರಾವಳಿಯಲ್ಲಿ ಮನೆ, ದೋಣಿಗಳು ಹಾಳಾದವು. ಆದರೆ ಗೋಡೆಯ ಮಾತನ್ನು ನಾನು ಒಪ್ಪಲಾರೆ.

ಕತ್ರೀನಾದಲ್ಲಿ ಮುಳುಗಿದ ಅಮೆರಿಕದ ನಗರ ನ್ಯೂ ಆರ್ಲಿಯನ್ಸ್‌ಗೆ ಗೋಡೆಗಳಿಗೇನೂ ಕೊರತೆಯಿರಲಿಲ್ಲ. 2005ರ ಆಗಸ್ಟ್ 29ರಂದು ಕತ್ರೀನಾ ಅಪ್ಪಳಿಸಿದಾಗ ಐವತ್ತಕ್ಕೂ ಹೆಚ್ಚು ಕಡೆ ಒಡ್ಡು, ತಡೆಗೋಡೆಗಳು ಒಡೆದವು. 17ನೇ ಬೀದಿಯ ಕಾಲುವೆಯಲ್ಲಂತೂ ನೀರು ಗೋಡೆಯ ನೆತ್ತಿಗೇರುವ ಮೊದಲೇ ಗೋಡೆ ಜಾರಿಬಿತ್ತು. ಅದರ ಬುಡದಲ್ಲಿದ್ದದ್ದು ಮೆತ್ತನೆಯ ಜೌಗು ಮಣ್ಣು. ನಗರದ ಶೇ 80ರಷ್ಟು ಭಾಗ ಮುಳುಗಿತು. ಒಳಬಂದ ನೀರನ್ನು ಹೊರಹಾಕಲು ವಾರಗಟ್ಟಲೆ ಪಂಪು ಓಡಿಸಬೇಕಾಯಿತು. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದ ಗೇಟು ತೆರೆದಾಗ ನಮ್ಮ ಕಾಳಿ ನದಿ ಏರಿದ್ದನ್ನು ನೀವು ಮರೆತಿರಲಾರಿರಿ. ಕಡಲಿನುದ್ದಕ್ಕೂ ಗೋಡೆ ಎದ್ದರೆ ಅಂಥ ನೀರು ಹರಿದುಹೋಗುವುದಾದರೂ ಎಲ್ಲಿಗೆ?

ಒಡ್ಡಿನ ವಿಷಯವನ್ನು ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರಿನ ಗದ್ದೆ) ರೈತರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಏಡಿ ಕೊರೆದ ತೂತಿಗೆ ಸಕಾಲದಲ್ಲಿ ಮಣ್ಣು ಮೆತ್ತದಿದ್ದರೆ ಸಾಕು, ಉಬ್ಬರದ ನೀರು ಅಲ್ಲಿಂದಲೇ ಗದ್ದೆಗೆ ನುಗ್ಗುತ್ತದೆ. ಕಟ್ಟುವುದಕ್ಕೆ ಹಣ ಸಿಗುತ್ತದೆ, ಕಾಯುವುದಕ್ಕೆ ಜನ ಸಿಗುವುದಿಲ್ಲ. ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದಲ್ಲಿ ಹಡಗು ಮತ್ತು ತೈಲದ ಸಲುವಾಗಿ ಕಾಲುವೆ ತೋಡಿ ತೋಡಿ, ಅಲೆಯ ಬಿರುಸು ತಗ್ಗಿಸುತ್ತಿದ್ದ ಜೌಗು ಪ್ರದೇಶವನ್ನು ಸವೆಸಿದರು. ನಮ್ಮ ಕಾಳಿಯ ದಂಡೆಯಲ್ಲಿ ಆ ಕೆಲಸ ಮಾಡುತ್ತಿರುವುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅವುಗಳನ್ನು ಕಡಿದು ಮಣ್ಣು ತುಂಬಿಸಿ ಸೈಟು ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವ ವಿಷಯ ಬೇರೆಯೇ ಇದೆ. ಕತ್ರೀನಾ ಅಪ್ಪಳಿಸುವ ಹಿಂದಿನ ದಿನ ನ್ಯೂ ಆರ್ಲಿಯನ್ಸ್ ನಗರ ಖಾಲಿ ಮಾಡಲು ಮೇಯರ್ ಆದೇಶವಿತ್ತರು. ಕಾರಿದ್ದವರು ಹೊರಟರು. ಇಲ್ಲದವರು, ಹಾಸಿಗೆ ಹಿಡಿದವರು ಉಳಿದರು. ಲೂಸಿಯಾನಾದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ದಾಟಿದವರು. ಆಮೇಲೆ ಮನೆ ಮನೆ ಶೋಧಿಸಿದ ರಕ್ಷಣಾ ತಂಡಗಳು ಗೋಡೆಯ ಮೇಲೆ ಬಣ್ಣದಲ್ಲಿ ದೊಡ್ಡ ಕತ್ತರಿ (X) ಗುರುತು ಹಾಕಿ, ಅದರ ಒಂದು ಮೂಲೆಯಲ್ಲಿ ತಾರೀಖು, ಇನ್ನೊಂದರಲ್ಲಿ ಒಳಗೆ ಸಿಕ್ಕ ಹೆಣಗಳ ಸಂಖ್ಯೆ ಬರೆದವು.

ಆದ್ದರಿಂದ ನಮ್ಮ ಒತ್ತಾಯ ಗೋಡೆಗಲ್ಲ. ಯಾವ ಕೇರಿಯ ಯಾವ ಮನೆಯಲ್ಲಿ ಎದ್ದು ನಡೆಯಲಾರದವರಿದ್ದಾರೆ, ಅವರನ್ನು ಯಾರು, ಯಾವ ವಾಹನದಲ್ಲಿ, ಯಾವ ಶಾಲೆಗೆ ಸಾಗಿಸಬೇಕು ಎಂಬ ಪಟ್ಟಿಯನ್ನು ನಗರಸಭೆಯೂ ಪಂಚಾಯಿತಿಗಳೂ ಪ್ರತಿವರ್ಷ ಮೇ ತಿಂಗಳಿಗೆ ಮುಂಚೆ ಸಿದ್ಧಪಡಿಸಬೇಕು. ಕೋಡಿಬಾಗದ ಪಟ್ಟಿಯನ್ನು ನೀವೇ ಆರಂಭಿಸಿ ಕಳುಹಿಸಿದರೆ, ಹೆಸರುಗಳನ್ನು ಮರೆಮಾಡಿ, ಅದರ ಮಾದರಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.