ಪ್ರತಿಕ್ರಿಯೆ: ಬೀಜಿಂಗ್‌ನಲ್ಲಿ ಮೊದಲ ವಾರ, ನನ್ನ ಚೈನೀಸ್ ಯಾರಿಗೂ ಅರ್ಥವಾಗುತ್ತಿಲ್ಲ, ಕೆಳಗಿನ ಕ್ಲಾಸಿಗೆ ಹೋಗಲಾ?

ಓದಲು ಬರುತ್ತದೆ, ಬಾಯಿ ಬಿಟ್ಟರೆ ಮಾತ್ರ ಯಾರಿಗೂ ತಿಳಿಯುತ್ತಿಲ್ಲ ಅಂದರೆ, ಬಹುಶಃ ನೀವು ಪಿನ್‌ಯಿನ್ (ಚೈನೀಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಅನ್ನು ಇಂಗ್ಲಿಷ್ ತರಹ ಓದುತ್ತಿದ್ದೀರಿ. ನಿಮ್ಮ ಮಾತು ಕೇಳದೆ ಖಚಿತವಾಗಿ ಹೇಳಲಾರೆ, ಆದರೆ ನಮ್ಮವರಲ್ಲಿ ಇದು ಜಾಸ್ತಿ.

ಮೊದಲು ಇದನ್ನು ಸರಿಮಾಡಿ. ಪಿನ್‌ಯಿನ್‌ನ 'ಬಿ', 'ಡಿ', 'ಜಿ' (b, d, g) ಅಕ್ಷರಗಳು ಹೆಚ್ಚುಕಡಿಮೆ ನಮ್ಮ ಪ, ತ, ಕ. 'ಪಿ', 'ಟಿ', 'ಕೆ' (p, t, k) ಅಂದರೆ ಉಸಿರು ಬಿಟ್ಟು ಹೇಳುವ ಪ್ಹ, ಥ, ಖ. ನಾವು ಮಾತಿನಲ್ಲಿ ಮಹಾಪ್ರಾಣ ನುಂಗಿಬಿಡುತ್ತೇವೆ, ಅಲ್ವಾ? ಅಲ್ಲಿ ನುಂಗಿದರೆ 'ವೊ ಪ್ಹಾವ್ ಲ' (ನಾನು ಓಡಿದೆ) ಹೋಗಿ 'ವೊ ಪಾವ್ ಲ' (ಹೊಟ್ಟೆ ತುಂಬಿತು) ಆಗುತ್ತದೆ. ಬಾಯಿ ಮುಂದೆ ತೆಳು ಕಾಗದ ಹಿಡಿಯಿರಿ. 'ಪಿ'ಗೆ ಅದು ಅಲುಗಬೇಕು, 'ಬಿ'ಗೆ ಅಲುಗಬಾರದು.

ಆಮೇಲೆ ಸ್ವರ, ಅಂದರೆ ಟೋನ್, ದನಿಯ ಏರಿಳಿತ. ಒಂಟಿ ಅಕ್ಷರದಲ್ಲಿ ಅಭ್ಯಾಸ ಮಾಡಬೇಡಿ, ಎರಡೆರಡು ಸೇರಿಸಿ ಹೇಳಿ. ಮೂರನೇ ಸ್ವರವನ್ನು ಪ್ರತಿ ಸಲ ಇಳಿಸಿ ಏರಿಸುವ ಸರ್ಕಸ್ ಬೇಡ, ಮಾತಿನ ನಡುವೆ ಅದು ಸುಮ್ನೆ ತಗ್ಗಿನಲ್ಲೇ ಇರುತ್ತದೆ. ಮೂರನೇ ಸ್ವರದ ಎರಡು ಅಕ್ಷರ ಜೊತೆಗೆ ಬಂದರೆ ಮೊದಲನೆಯದು ಎರಡನೇ ಸ್ವರ (ಏರುವ ದನಿ) ಆಗುತ್ತದೆ. 'ನಿ ಹಾವ್' (ನಮಸ್ಕಾರ) ಕೂಡ ಹಾಗೇ.

ರಾತ್ರಿ ಫೋನಿನ ಚೈನೀಸ್ ವಾಯ್ಸ್ ಟೈಪಿಂಗ್‌ನಲ್ಲಿ ಪಾಠದ ವಾಕ್ಯಗಳನ್ನು ಹೇಳಿ ನೋಡಿ. ತಪ್ಪು ಅಕ್ಷರ ಬಂದ ಕಡೆ ಗುರುತು ಹಾಕಿ, ಮರುದಿನ ಟೀಚರ್‌ಗೆ ಅದನ್ನೇ ತೋರಿಸಿ.

ಕ್ಲಾಸ್ ಈಗಲೇ ಇಳಿಸಬೇಡಿ. ಟೀಚರ್ ಹೇಳುವುದು ಅರ್ಧಕ್ಕಿಂತ ಜಾಸ್ತಿ ಅರ್ಥವಾಗುತ್ತಿದ್ದರೆ ಅಲ್ಲೇ ಇರಿ. ಬದಲಾವಣೆಗೆ ಕೊನೆಯ ದಿನ ಯಾವುದು ಎಂದು ನಾಳೆಯೇ ಆಫೀಸಿನಲ್ಲಿ ಕೇಳಿಟ್ಟುಕೊಳ್ಳಿ.